ಹಿಸ್ಟರಿ ಅಳಿಸಿದರೂ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಹುಡುಕಾಟ ಕಾಣಿಸುತ್ತಿದ್ದರೆ

ಶುಕ್ರವಾರ ಮಾರತ್ತಹಳ್ಳಿ ಆಫೀಸಿಗೆ ಲ್ಯಾಪ್‌ಟಾಪ್ ವಾಪಸ್ ಕೊಡಬೇಕು, ಹಿಸ್ಟರಿ ಅಳಿಸಿದರೂ ಹಳೆಯ ಹುಡುಕಾಟ ಬರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಸ್ವಂತ ಜಿಮೇಲ್ ಕ್ರೋಮ್‌ನಲ್ಲಿ ಇನ್ನೂ ಲಾಗಿನ್ ಆಗಿಯೇ ಇರಬೇಕು. ಅದಕ್ಕೇ ಹಿಸ್ಟರಿ ಅಳಿಸಿದ ಮೇಲೂ ಹಳೆಯ ಹುಡುಕಾಟಗಳು ಬರುತ್ತಿವೆ. ಅವು ಗೂಗಲ್ ಖಾತೆಯಲ್ಲಿವೆ, ಲ್ಯಾಪ್‌ಟಾಪ್‌ನಲ್ಲಲ್ಲ.

ಇನ್ನೊಮ್ಮೆ ಹಿಸ್ಟರಿ ಅಳಿಸಬೇಡಿ. ಸಿಂಕ್ (ಒಂದೇ ಖಾತೆಯ ಮಾಹಿತಿ ಎಲ್ಲಾ ಸಾಧನಗಳಲ್ಲೂ ಒಂದೇ ಥರ ಇರುವ ವ್ಯವಸ್ಥೆ) ಆನ್ ಇದ್ದರೆ ಹಿಸ್ಟರಿ ನಿಮ್ಮ ಫೋನಿನಿಂದಲೂ ಹೋಗುತ್ತದೆ. ಬುಕ್‌ಮಾರ್ಕ್, ಪಾಸ್‌ವರ್ಡ್ ಫೋನಿನಲ್ಲಿ ಇವೆಯಾ ಅಂತ ಮೊದಲು ನೋಡಿಕೊಳ್ಳಿ. ಆಮೇಲೆ ಕ್ರೋಮ್‌ನ ಬಲಗಡೆ ಮೇಲಿರುವ ನಿಮ್ಮ ಫೋಟೋ ಒತ್ತಿ, ಈ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿರುವ ನಿಮ್ಮ ಪ್ರೊಫೈಲನ್ನೇ ಡಿಲೀಟ್ ಮಾಡಿ. ಕಂಪನಿ ಅದಕ್ಕೆ ಬಿಡದಿದ್ದರೆ ಸೈನ್ ಔಟ್ ಆಗಿ, ಆಮೇಲಷ್ಟೇ 'ಆಲ್ ಟೈಮ್' ಆರಿಸಿ ಹಿಸ್ಟರಿ ಅಳಿಸಿ.

ಡೌನ್‌ಲೋಡ್ಸ್ ಫೋಲ್ಡರ್ ಮಾತ್ರ ಮರೆಯಬೇಡಿ. ಪ್ರೊಫೈಲ್ ಹೋದರೂ ಅಲ್ಲಿನ ಫೈಲ್ ಹೋಗುವುದಿಲ್ಲ. ನನ್ನದರಲ್ಲಿ ಬೆಸ್ಕಾಂ ಬಿಲ್, ಬಾಡಿಗೆ ಕರಾರು, ಅಮ್ಮನ ಆಧಾರ್ ಎಲ್ಲಾ ಹಾಗೇ ಇದ್ದವು. ಬೇಕಾದ್ದನ್ನು ಕಾಪಿ ಮಾಡಿಕೊಂಡು, ಉಳಿದದ್ದನ್ನು ಶಿಫ್ಟ್ ಒತ್ತಿಹಿಡಿದು ಡಿಲೀಟ್ ಮಾಡಿ. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಆಫೀಸಿನ ಒನ್‌ಡ್ರೈವ್‌ನಲ್ಲಿ ಇಟ್ಟಿದ್ದರೆ ಅದರ ಬಿನ್ ಬೇರೆ. ಅಳಿಸಿದ ಫೈಲ್ ಅಲ್ಲಿ ಸಾಮಾನ್ಯವಾಗಿ 93 ದಿನ ಇರುತ್ತದೆ, ಒನ್‌ಡ್ರೈವ್ ಅನ್ನು ಬ್ರೌಸರ್‌ನಲ್ಲಿ ತೆರೆದು ಅಲ್ಲೂ ಅಳಿಸಿ.

ವಾಟ್ಸಾಪ್ ವೆಬ್ ಬಳಸಿದ್ದರೆ ಫೋನಿನ 'ಲಿಂಕ್ಡ್ ಡಿವೈಸಸ್'ನಿಂದ ಲಾಗ್ ಔಟ್ ಮಾಡಿ.

ಆಫೀಸ್ ಫೈಲ್ ಒಂದನ್ನೂ ಮುಟ್ಟಬೇಡಿ, ಐಟಿಯವರನ್ನು ಕೇಳದೆ ಫಾರ್ಮ್ಯಾಟ್ ಮಾಡಲೂಬೇಡಿ. ಕಂಪನಿಯ ಸರ್ವರ್‌ನಲ್ಲಿ ನಿಮ್ಮ ಬಳಕೆಯ ದಾಖಲೆ (ಲಾಗ್) ಇದ್ದರೆ ಅದು ನಿಮ್ಮ ಕೈಯಲ್ಲಿಲ್ಲ, ಅಲ್ವಾ? ಲ್ಯಾಪ್‌ಟಾಪ್ ಶುಕ್ರವಾರ ಕೊಡಬೇಕಲ್ಲ, ಹಾಗಾಗಿ ಗುರುವಾರ ರಾತ್ರಿಯೇ ಇಷ್ಟು ಮುಗಿಸಿ.