‘ಕಾಯಿಲೆ ಜಾಸ್ತಿಯಾಗಿದೆ’ ಅಂತ ಬರೆದರೆ ಸಾಕಾ?

ಪ್ರಶ್ನೆ: ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಎಲೆಕ್ಟ್ರಾನಿಕ್ ದಾಖಲೆಗಳನ್ನು ನೋಡಿಕೊಳ್ಳುತ್ತೇನೆ. ಕಾಯಿಲೆ ಹೆಚ್ಚಾದಾಗ ಒಬ್ಬ ಡಾಕ್ಟರು ‘ಸ್ವಲ್ಪ ಬೆಳೆದಿದೆ’ ಅಂತ ಬರೆಯುತ್ತಾರೆ, ಇನ್ನೊಬ್ಬರು ‘ಔಷಧ ಬದಲಿಸಿದೆ’ ಅಂತಷ್ಟೇ. ಯಾರಿಗೆ ಯಾವಾಗ ಹೆಚ್ಚಾಯಿತು ಅಂತ ಹುಡುಕಿದರೆ ಸಿಗುವುದಿಲ್ಲ. ಒಂದು ಡ್ರಾಪ್‌ಡೌನ್ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಡ್ರಾಪ್‌ಡೌನ್ ಬೇಕು, ಆದರೆ ಅದೊಂದೇ ಸಾಲದು. ‘ಹೆಚ್ಚಾಗಿದೆ’ ಅಂದರೆ ಯಾವಾಗಿಗಿಂತ ಹೆಚ್ಚು? ಅದು ಪಕ್ಕದಲ್ಲೇ ಇರಬೇಕು.

ಒಂದು ಲೆಕ್ಕ ನೋಡಿ. ಚಿಕಿತ್ಸೆಗೆ ಮೊದಲು, ಅಳತೆಗೆ ಆರಿಸಿಕೊಂಡ ಗಡ್ಡೆಗಳ ಅಡ್ಡಳತೆ ಎಲ್ಲಾ ಸೇರಿ 80 ಮಿ.ಮೀ. ಇತ್ತು ಅಂದುಕೊಳ್ಳಿ. ಔಷಧಕ್ಕೆ ಕುಗ್ಗಿ 50ಕ್ಕೆ ಬಂತು. ಮುಂದಿನ ಸ್ಕ್ಯಾನ್‌ನಲ್ಲಿ 62. ಈಗ ‘ಮೊದಲಿಗಿಂತ ಚಿಕ್ಕದಿದೆ’ ಅಂತ ಬರೆದರೂ ನಿಜ, ‘ಬೆಳೆದಿದೆ’ ಅಂತ ಬರೆದರೂ ನಿಜ. ಚಿಕಿತ್ಸೆಗೆ ಗಡ್ಡೆ ಹೇಗೆ ಸ್ಪಂದಿಸಿತು ಅಂತ ಅಳೆಯುವ 2009ರ ರೆಸಿಸ್ಟ್ 1.1 ನಿಯಮ ಈ ಗೊಂದಲವನ್ನು ಬಿಡಿಸುತ್ತದೆ. ಅತಿ ಕಡಿಮೆ ಇದ್ದ ಮೊತ್ತಕ್ಕಿಂತ ಕನಿಷ್ಠ ಶೇ 20ರಷ್ಟು, ಜೊತೆಗೆ ಕನಿಷ್ಠ 5 ಮಿ.ಮೀ. ಹೆಚ್ಚಾಗಿದ್ದರೆ ಅದು ಪ್ರೋಗ್ರೆಷನ್, ಅಂದರೆ ಕಾಯಿಲೆ ಹೆಚ್ಚಾಗಿದೆ. ಇಲ್ಲಿ 50ರಿಂದ 62ಕ್ಕೆ ಏರಿದೆ, ಅಂದರೆ 12 ಮಿ.ಮೀ., ಶೇ 24. ಪ್ರೋಗ್ರೆಷನ್ ಅಂತಲೇ ಬರೆಯಬೇಕು. ಖಚಿತವಾಗಿ ಹೊಸ ಗಡ್ಡೆ ಕಂಡರಂತೂ ಈ ಲೆಕ್ಕವೂ ಬೇಡ, ಅದೂ ಪ್ರೋಗ್ರೆಷನ್ನೇ.

ಹಾಗಂತ ಓಪಿಡಿಯಲ್ಲಿ ಎಲ್ಲರೂ ರೆಸಿಸ್ಟ್ ಲೆಕ್ಕ ಹಾಕಲಿ ಅಂತ ಹೇಳಬೇಡಿ. ಅದು ಔಷಧ ಪ್ರಯೋಗಗಳಿಗೆ ಮಾಡಿದ್ದು. ದಿನನಿತ್ಯದ ದಾಖಲೆಗೆ ಎಂಕೋಡ್ (ಕ್ಯಾನ್ಸರ್ ರೋಗಿಗಳ ಮುಖ್ಯ ಮಾಹಿತಿಯನ್ನು ಒಂದೇ ರೀತಿ ದಾಖಲಿಸುವ) ಮಾನದಂಡದ ದಾರಿ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಅದು ಡಾಕ್ಟರ ತೀರ್ಮಾನವನ್ನೇ ಕೇಳುತ್ತದೆ, ಆಮೇಲೆ ಆ ತೀರ್ಮಾನಕ್ಕೆ ಆಧಾರ ಏನು ಅಂತಲೂ ಕೇಳುತ್ತದೆ: ಸ್ಕ್ಯಾನ್, ಬಯಾಪ್ಸಿ, ರಕ್ತದ ಮಾರ್ಕರ್ (ಕ್ಯಾನ್ಸರಿನ ಸುಳಿವು ಕೊಡುವ ಅಂಶ), ರೋಗಲಕ್ಷಣ, ಕೈಯಿಂದ ಮುಟ್ಟಿ ಮಾಡಿದ ಪರೀಕ್ಷೆ. ಆಯ್ಕೆಗಳು ಕಡಿಮೆ ಇರಲಿ. ಕಾಯಿಲೆ ಕಾಣುತ್ತಿಲ್ಲ, ಕಡಿಮೆಯಾಗಿದೆ, ಹಾಗೇ ಇದೆ, ಹೆಚ್ಚಾಗಿದೆ, ಈಗಲೇ ಹೇಳಲಾಗದು. ಕೊನೆಯದನ್ನು ದಯವಿಟ್ಟು ಬಿಡಬೇಡಿ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಬಳಸುವ ಇಮ್ಯುನೊಥೆರಪಿಯಲ್ಲಿ ಗಡ್ಡೆ ಮೊದಲು ದೊಡ್ಡದಾಗಿ ಕಂಡು ಆಮೇಲೆ ಕುಗ್ಗುವುದೂ ಉಂಟು. ಅದಕ್ಕೇ ಈ ಚಿಕಿತ್ಸೆಗೆಂದು ರೆಸಿಸ್ಟನ್ನು ಮಾರ್ಪಡಿಸಿದ 2017ರ ಐರೆಸಿಸ್ಟ್ ನಿಯಮದಲ್ಲಿ 4ರಿಂದ 8 ವಾರ ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ ಖಚಿತ ಮಾಡಿಕೊಳ್ಳಬೇಕು.

ದಿನಾಂಕದಲ್ಲೇ ಜಾಸ್ತಿ ತಪ್ಪಾಗುವುದು. ಸ್ಕ್ಯಾನ್ 3ನೇ ತಾರೀಕು ಆಗಿರುತ್ತದೆ, ರೋಗಿ ಡಾಕ್ಟರನ್ನು ಕಂಡಿದ್ದು 20ಕ್ಕೆ, ಕಂಪ್ಯೂಟರಿಗೆ ಏರಿದ್ದು 25ಕ್ಕೆ. ಸಿಸ್ಟಮ್ ಸುಮ್ನೆ 25 ಅಂತ ಹಾಕಿಕೊಂಡರೆ ಆ ರೋಗಿ ಮೂರು ವಾರ ಹೆಚ್ಚು ಚೆನ್ನಾಗಿದ್ದರು ಅನ್ನುವ ಲೆಕ್ಕ ಬರುತ್ತದೆ. ಸಾಕ್ಷ್ಯ ಸಿಕ್ಕ ದಿನ, ತೀರ್ಮಾನದ ದಿನ, ಎರಡಕ್ಕೂ ಬೇರೆ ಬೇರೆ ಜಾಗ ಕೊಡಿ.

ಹಳೆಯದನ್ನು ಅಳಿಸಿ ಬರೆಯುವುದನ್ನಂತೂ ಮೊದಲು ನಿಲ್ಲಿಸಿ. ಎರಡನೇ ಹಂತದಲ್ಲಿ ಪತ್ತೆಯಾದ ಕ್ಯಾನ್ಸರ್ ಎರಡು ವರ್ಷದ ನಂತರ ಲಿವರ್‌ಗೆ ಹರಡಿತು ಅಂತಿಟ್ಟುಕೊಳ್ಳಿ. ಮೊದಲಿನ ಹಂತವನ್ನು ತಿದ್ದಿ ನಾಲ್ಕು ಅಂತ ಮಾಡುವವರಿದ್ದಾರೆ. ಹಾಗೆ ಮಾಡಿದರೆ ರೋಗಿ ಎಲ್ಲಿಂದ ಎಲ್ಲಿಗೆ ಬಂದರು ಅನ್ನುವುದೇ ಅಳಿಸಿಹೋಯಿತು, ಅಲ್ವಾ? ಪತ್ತೆಯಾದಾಗಿನ ಹಂತ ಹಾಗೇ ಇರಬೇಕು. ಹರಡಿದ್ದು ಹೊಸ ನಮೂದಾಗಿ ಸೇರಬೇಕು.

ನಿಮ್ಮ ಸಾಫ್ಟ್‌ವೇರ್ ಎಚ್‌ಎಲ್‌7ನ ಫೈರ್ ಮಾನದಂಡದ್ದಾಗಿದ್ದರೆ (ಆರೋಗ್ಯ ದಾಖಲೆಗಳನ್ನು ಬೇರೆ ಬೇರೆ ಸಾಫ್ಟ್‌ವೇರ್‌ಗಳು ಹಂಚಿಕೊಳ್ಳಲು ಇರುವ ಮಾನದಂಡ ಅದು) ಒಂದು ಎಚ್ಚರ. ಅದರ ‘ಕಂಡಿಷನ್’ ದಾಖಲೆಯ ಕ್ಲಿನಿಕಲ್ ಸ್ಟೇಟಸ್‌ನಲ್ಲಿ ಆಕ್ಟಿವ್ (ಕಾಯಿಲೆ ಇದೆ), ರಿಲ್ಯಾಪ್ಸ್ (ಮರಳಿ ಬಂದಿದೆ), ರೆಮಿಷನ್ (ಹತೋಟಿಗೆ ಬಂದಿದೆ) ಥರದ ಆಯ್ಕೆಗಳಿವೆ, ‘ಹೆಚ್ಚಾಗುತ್ತಿದೆ’ ಅನ್ನುವುದಿಲ್ಲ. ಗಡ್ಡೆ ಕುಗ್ಗುತ್ತಿದ್ದರೂ ಆಕ್ಟಿವ್, ಬೆಳೆಯುತ್ತಿದ್ದರೂ ಆಕ್ಟಿವ್. ಆದ್ದರಿಂದ ಪ್ರತಿ ಸಲದ ತೀರ್ಮಾನವನ್ನು ಪ್ರತ್ಯೇಕ ‘ಅಬ್ಸರ್ವೇಷನ್’ (ಆ ದಿನ ಕಂಡದ್ದನ್ನು ಬರೆದಿಡುವ ನಮೂದು) ಆಗಿ ಉಳಿಸಿ.

ಡಾಕ್ಟರು ತಮ್ಮ ಮಾತಲ್ಲಿ ಬರೆಯುವ ಜಾಗವನ್ನು ತೆಗೆಯಬೇಡಿ, ಕಾರಣ ಸಿಗುವುದು ಅಲ್ಲೇ. ಡ್ರಾಪ್‌ಡೌನ್‌ನಲ್ಲಿ ‘ಹಾಗೇ ಇದೆ’ ಅನ್ನುವುದನ್ನು ಮೊದಲೇ ಆರಿಸಿಡಲೂಬೇಡಿ. ಖಾಲಿ ಬಿಡಿ. ಇಲ್ಲದಿದ್ದರೆ ಡಾಕ್ಟರು ನೋಡಿ ಹಾಗೆ ಹೇಳಿದರೋ, ಯಾರೂ ಅದನ್ನು ಮುಟ್ಟಲೇ ಇಲ್ಲವೋ ಅನ್ನುವುದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.