ಕ್ರಿಸ್ಟಲ್ ಮೇಲೆ ಬರೆದದ್ದು ಓದಿ ಮಾರಾಯ್ರೆ

ಅಣ್ಣ, ಕಾರಿನ ಡೇಟಾ ಓದ್ಲಿಕ್ಕೆ ನೀವು ಮಾಡಿದ ಆರ್ಡುಯಿನೋ ನ್ಯಾನೋ, ಎಂಸಿಪಿ2515 (ಕ್ಯಾನ್, ಅಂದ್ರೆ ಕಾರಿನ ಕಂಪ್ಯೂಟರುಗಳು ಮಾತಾಡುವ ಲೈನಿನ ಚಿಪ್) ಬೋರ್ಡಿನ ಫೋಟೋ, ಕೋಡು ಎಲ್ಲ ನೋಡಿದೆ. ಕಾರಿನ ಒಬಿಡಿ ಸಾಕೆಟಿಗೆ (ದೋಷ ಓದುವ 16 ಪಿನ್ನಿನ ಸಾಕೆಟ್) ಹಾಕಿದ್ರೆ ಎಂತದೂ ಬರುದಿಲ್ಲ, ಬೇರೆ ಕಾರಿಗೂ ಹಾಕಿ ನೋಡ್ತೇನೆ ಅಂತ ಬರೆದಿದ್ದೀರಿ. ಬೇಡ! ಬೋರ್ಡಿಗೆ ತಾಳ ಕೊಡುವ ಕ್ರಿಸ್ಟಲ್ ಮೇಲೆ 8.000, ಅಂದ್ರೆ 8 ಮೆಗಾಹರ್ಟ್ಸ್ ಅಂತ ಉಂಟು, ಕೋಡಲ್ಲಿ 16 ಮೆಗಾಹರ್ಟ್ಸ್. ಹಾಗಾಗಿ ನೀವು 500 ಕೆಬಿಪಿಎಸ್ ವೇಗ ಅಂದ್ಕೊಂಡದ್ದು 250ರಲ್ಲಿ ಓಡ್ತಾ ಉಂಟು.

ನಾನೂ ಇದನ್ನೇ ಮಾಡಿದವ. ಆಟಿ ತಿಂಗಳ ಮಳೆ, ಪೆರ್ಲದಲ್ಲಿ ಭಾವನ ಕಾರು, ಇಂಜಿನ್ ಆನ್. ಚುಚ್ಚಿದ ಕೂಡ್ಲೇ ಎಬಿಎಸ್ ದೀಪ, ಹಿಂದೆಯೇ ಸ್ಟಿಯರಿಂಗ್ ದೀಪ. ಲೈನಲ್ಲಿ ಒಬ್ಬ ತಪ್ಪು ವೇಗದಲ್ಲಿ ಬಾಯಿ ಹಾಕಿದ್ರೆ ಉಳಿದವರ ಮಾತೂ ಕೆಡ್ತದೆ. ಭಾವ ಕೊಡೆ ಹಿಡ್ಕೊಂಡು ಕಿಟಕಿ ಹತ್ರ ನಿಂತು, "ರಿಪೇರಿಗೆ ಬಂದದ್ದಾ, ಹಾಳು ಮಾಡ್ಲಿಕ್ಕಾ?" ಕಿತ್ತು, ಎರಡು ಸಲ ಆಫ್ ಮಾಡಿ ಸ್ಟಾರ್ಟ್ ಮಾಡಿದ ಮೇಲೆ ದೀಪ ಹೋಯ್ತು. ಈಗಲೂ ನಾನು ಹೋದ್ರೆ ಭಾವ ಕಾರಿನ ಕೀ ಕಿಸೆಗೆ ಹಾಕ್ತಾರೆ.

ಹಾಗಾಗಿ ಮೊದಲು ಲಿಸನ್-ಓನ್ಲಿ ಮೋಡಲ್ಲಿ ಸುಮ್ಮನೆ ಕೇಳಿ. ಫ್ರೇಮ್ (ಡೇಟಾದ ಒಂದೊಂದು ತುಂಡು) ಸರಿ ಬಂದ್ರೆ ಮಾತ್ರ 7ಡಿಎಫ್ ಎಂಬ ವಿಳಾಸಕ್ಕೆ ಪ್ರಶ್ನೆ ಕಳಿಸಿ, ಇಂಜಿನ್ ಇಸಿಯು (ಇಂಜಿನ್ನಿನ ಕಂಪ್ಯೂಟರ್) 7ಇ8ರಲ್ಲಿ ಉತ್ತರ ಕೊಡ್ತದೆ. ಗೇಟ್‌ವೇ (ನಡುವೆ ಕಾವಲು ನಿಲ್ಲುವ ಕಂಪ್ಯೂಟರ್) ಇರುವ ಕಾರಲ್ಲಿ ಪ್ರಶ್ನೆ ಕಳಿಸದೆ ಎಂತದೂ ಬಾರದಿರಬಹುದು, ಅದಕ್ಕೆ ಮಂಡೆ ಬಿಸಿ ಮಾಡ್ಬೇಡಿ.

ಬೋರ್ಡಿನ 120 ಓಮ್ ರೆಸಿಸ್ಟರನ್ನು ಲೈನಿಗೆ ಸೇರಿಸುವ ಜೆ1 ಜಂಪರ್ ಕೂಡ ತೆಗೀರಿ. ಕಾರಲ್ಲಿ 120 ಓಮ್‌ನ ಎರಡು ರೆಸಿಸ್ಟರ್ ಈಗಾಗಲೇ ಉಂಟು. ಬ್ಯಾಟರಿ ಬಿಚ್ಚಿ ಸಾಕೆಟಿನ 6 ಮತ್ತು 14ನೇ ಪಿನ್ನಿನ (ಕ್ಯಾನಿನ ಎರಡು ವಯರು) ಮಧ್ಯೆ ಅಳೆದ್ರೆ 60 ಸಿಗಬೇಕು. ನಿಮ್ಮದು ಸೇರಿದ್ರೆ 40. ಇದಕ್ಕೆ ಫ್ಲೂಕಿನಂಥ ದುಬಾರಿ ಮೀಟರ್ ಬೇಕಾಗಿಲ್ಲ, ನನ್ನ ಹಳೇ ಮೆಕೋ ಮೀಟರೇ ಸಾಕಾಗಿದೆ.

ಇನ್ನು ಬ್ಯಾಟರಿ ಕರೆಂಟ್ ಬರುವ 16ನೇ ಪಿನ್ನಿಂದ ನೇರ ನ್ಯಾನೋದ ಕರೆಂಟ್ ಪಿನ್ನು ವಿನ್‌ಗೆ ವಯರ್ ಎಳೆದಿದ್ದೀರಲ್ಲ, ಯಾರು ಹೇಳಿಕೊಟ್ಟದ್ದು? ಆಲ್ಟರ್ನೇಟರ್ ಓಡುವಾಗ ಅಲ್ಲಿ 14 ವೋಲ್ಟ್ ದಾಟ್ತದೆ, ಮೇಲಿಂದ ಸ್ಪೈಕ್ ಬೇರೆ. 500 ಮಿಲಿಆಂಪ್ ಫ್ಯೂಸ್, ಸ್ಪೈಕ್ ತಡೆಯುವ ಒಂದು ಟಿವಿಎಸ್ ಡಯೋಡ್, ಎಲ್‌ಎಂ2596 (ವೋಲ್ಟೇಜ್ ಇಳಿಸುವ ಬೋರ್ಡ್) ಹಾಕಿ. ಇಎಸ್‌ಪಿ32 ಬೋರ್ಡ್ ನ್ಯಾನೋ ಬದಲಿಗೆ ಇದ್ರೆ ಎಂಸಿಪಿಯೇ ಬೇಡ, ಕ್ಯಾನ್ ಕಂಟ್ರೋಲರ್ ಒಳಗೇ ಉಂಟು, ಎಸ್‌ಎನ್65ಎಚ್‌ವಿಡಿ230 (ಲೈನಿಗೆ ಜೋಡಿಸುವ ಚಿಪ್) ಸೇರಿಸಿದ್ರಾಯ್ತು. ಆ ಸಣ್ಣ ಬೋರ್ಡಲ್ಲೂ 120 ಓಮ್ ಬೆಸುಗೆ ಹಾಕಿ ಬರ್ತದೆ, ಬಿಚ್ಚಿ.

ಹಳೇ ಕಾರಲ್ಲಿ 6, 14 ಖಾಲಿ ಇದ್ದು 7ರಲ್ಲಿ ಮಾತ್ರ ಪಿನ್ ಇದ್ರೆ ಅದು ಕೆ-ಲೈನ್, ಅಂದ್ರೆ ಹಳೇ ಕಾಲದ ಒಂದೇ ವಯರಿನ ಲೈನ್. ಎಲ್9637ಡಿ ಚಿಪ್ ಬೇಕು, ವೇಗ 10400 ಬಾಡ್, ಕಥೆಯೇ ಬೇರೆ.

ಮತ್ತೆ, ಕಾರು ಕೊಟ್ಟ ದೋಷದ ಕೋಡ್ ಬರೆದಿಟ್ಟುಕೊಳ್ಳದೆ ಮೋಡ್ 04 (ಅಳಿಸುವ ಆಜ್ಞೆ) ಒತ್ತಿ ಎಲ್ಲ ಅಳಿಸ್ಬೇಡಿ, ದೋಷ ಬಂದ ಗಳಿಗೆಯ ದಾಖಲೆಯಾದ ಫ್ರೀಜ್ ಫ್ರೇಮೂ ಹೋಗ್ತದೆ. ಕೆಲಸ ಆದ್ಮೇಲೆ ಕಿತ್ತಿಡಿ. 16ನೇ ಪಿನ್ನಿಗೆ ಕೀ ತೆಗೆದ್ರೂ ಕರೆಂಟ್ ಉಂಟು. 60 ಮಿಲಿಆಂಪ್ ಎಳೆದ್ರೂ ಹತ್ತು ದಿನಕ್ಕೆ 14 ಆಂಪ್-ಅವರ್. ವಾರಕ್ಕೊಮ್ಮೆ ಕುಂಬಳೆಗೆ ಹೋಗುವ ಕಾರಾದ್ರೆ ಮನೆಯವರು ತಳ್ಳಬೇಕಾಗ್ತದೆ.