ಡಾಕ್ಯುಮೆಂಟರಿ ಮಾಡಿದರೆ ಹೊಟ್ಟೆ ತುಂಬುತ್ತಾ?

ಗೋಣಿಕೊಪ್ಪದ ಅಕ್ಕನವರಿಗೆ ನಮಸ್ಕಾರ.

ಡಿಗ್ರಿ ಮುಗಿಸಿದ ಮಗಳು ಕೆಲಸ ಹುಡುಕದೆ, ಡಾಕ್ಯುಮೆಂಟರಿ ಮಾಡ್ತೀನಿ ಅಂತ ಹಟ ಹಿಡಿದು ಕೂತಿದ್ದಾಳೆ ಎಂದು ಬರೆದಿದ್ದೀರಿ. ಸಂಬಳ ಯಾರು ಕೊಡುತ್ತಾರೆ, ‘ನಿರ್ದೇಶಕಿಯೂ ನಾನೇ, ನಿರ್ಮಾಪಕಿಯೂ ನಾನೇ’ ಅಂದರೆ ಏನರ್ಥ, ಕ್ಯಾಮೆರಾ ಕೊಡಿಸಬೇಕಾ ಎಂದೂ ಕೇಳಿದ್ದೀರಿ.

ಸಂಬಳ ಯಾರೂ ಕೊಡುವುದಿಲ್ಲ. 1948ರಲ್ಲಿ ಶುರುವಾಗಿ ಡಾಕ್ಯುಮೆಂಟರಿ ಮಾಡಿಸುತ್ತಿದ್ದ ಸರ್ಕಾರದ ಫಿಲ್ಮ್ಸ್ ಡಿವಿಷನ್ ಕೂಡ 2022ರಲ್ಲಿ ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಜೊತೆ ಸೇರಿಹೋಯಿತು. ಈಗ ಅನುದಾನಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಚಾನೆಲ್, ಓಟಿಟಿಯವರನ್ನು ಒಪ್ಪಿಸಬೇಕು. ಅದೂ ಆಗದಿದ್ದರೆ ಸಂಘಸಂಸ್ಥೆಗಳಿಗೆ ಸಣ್ಣ ಚಿತ್ರ ಮಾಡಿಕೊಟ್ಟು, ಬಂದ ದುಡ್ಡನ್ನು ತನ್ನ ಚಿತ್ರಕ್ಕೆ ಸುರಿಯಬೇಕು.

ಇನ್ನು ನಿರ್ದೇಶಕಿ, ನಿರ್ಮಾಪಕಿಯ ವಿಷಯ. ನಮ್ಮ ಕಾಫಿ ಹೂವಿನ ಮೇಲೇ ಚಿತ್ರ ಮಾಡ್ತಾಳೆ ಅಂತಿಟ್ಟುಕೊಳ್ಳಿ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಎರಡು-ಮೂರು ದಿನದಲ್ಲಿ ಹೂ ಕಂದುತ್ತದೆ. ಆಗ ಯಾವ ಸಾಲಿನಲ್ಲಿ ನಿಲ್ಲಬೇಕು, ಯಾರ ಮುಖ ಹಿಡಿಯಬೇಕು ಅನ್ನುವುದು ನಿರ್ದೇಶಕಿಯ ತಲೆನೋವು. ಮಳೆಯೇ ಬರಲಿಲ್ಲ ಅನ್ನಿ, ತಂಡದವರ ಊಟ, ಜೀಪಿನ ಬಾಡಿಗೆ ನಿಲ್ಲುತ್ತಾ? ಅದು ನಿರ್ಮಾಪಕಿಯದು. ತೋಟದ ಮಾಲೀಕರ ಒಪ್ಪಿಗೆ, ಲೈನ್‌ಮನೆಗಳಲ್ಲಿರುವ ತೋಟದ ಕೆಲಸಗಾರರ ಒಪ್ಪಿಗೆ (ಇವರದ್ದನ್ನು ಕೇಳುವುದೇ ಇಲ್ಲ ಕೆಲವರು, ದೊಡ್ಡ ತಪ್ಪು), ನಾಗರಹೊಳೆಯೊಳಗೆ ಹೋದರೆ ಅರಣ್ಯ ಇಲಾಖೆಯ ಅನುಮತಿ, ಹಾಡು ಬಳಸಿದರೆ ಅದರ ಹಕ್ಕು, ಸಾರ್ವಜನಿಕವಾಗಿ ತೋರಿಸಲು ಸೆನ್ಸಾರ್ ಸರ್ಟಿಫಿಕೇಟ್, ಎಲ್ಲ ಅವಳ ಮೇಲೆಯೇ. ಹೊಸಬರಿಗೆ ಫೈಲ್ ಹಿಡಿಯುವುದು ಬೇಜಾರು. ಆದರೆ ಎಷ್ಟೋ ಚಿತ್ರ ಅರ್ಧಕ್ಕೆ ನಿಲ್ಲುವುದು ಅಲ್ಲೇ. ನನ್ನನ್ನು ಕೇಳಿದರೆ, ನಿಮ್ಮ ಮಗಳು ಮೊದಲು ನಿರ್ಮಾಪಕಿಯ ಕೆಲಸ ಕಲಿಯಲಿ. ಯಾರದ್ದಾದರೂ ತಂಡದಲ್ಲಿ ಸೇರಿ ಲೆಕ್ಕ ಬರೆಯಲಿ, ಅನುಮತಿಗೆ ಓಡಾಡಲಿ.

2023ರಲ್ಲಿ ಆಸ್ಕರ್ ಗೆದ್ದ ಮುದುಮಲೈ ಆನೆ ಶಿಬಿರದ ಚಿತ್ರ ‘ದಿ ಎಲಿಫೆಂಟ್ ವಿಸ್ಪರರ್ಸ್’ ನೋಡಿರುತ್ತೀರಿ. ಸುಮಾರು 40 ನಿಮಿಷದ್ದು. ಅದಕ್ಕಾಗಿ ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಐದು ವರ್ಷ ಕೊಟ್ಟರು. ಪ್ರಶಸ್ತಿ ಅವರಿಗೆ ಮಾತ್ರ ಅಲ್ಲ, ನಿರ್ಮಾಪಕಿ ಗುನೀತ್ ಮೋಂಗಾ ಅವರಿಗೂ ಬಂತು. ನಮ್ಮ ದುಬಾರೆ ಶಿಬಿರದಲ್ಲೂ ಆನೆ ಇದೆಯಲ್ಲ ಅಂತ ಮಗಳು ಹೇಳಬಹುದು. ಇದೆ. ಐದು ವರ್ಷ ಮನೆ ನಡೆಯುವುದು ಹೇಗೆ ಅಂತ ಅವಳನ್ನೇ ಕೇಳಿ.

ಅಪ್ಪ ‘ಮದುವೆ ವಿಡಿಯೋ ಮಾಡಿಕೊಂಡಿರು’ ಅಂದದ್ದಕ್ಕೆ ಮುನಿಸಿಕೊಂಡಳಂತೆ. ಈ ಮಾತಲ್ಲಿ ನಾನು ಭಾವನ ಕಡೆ. ಕೊಡವ ಮದುವೆಯಲ್ಲಿ ಬಾಳೆ ದಿಂಡು ಕಡಿಯುವ ಶಾಸ್ತ್ರ ನಡೆಯುವಾಗ ‘ಇನ್ನೊಂದ್ಸಲ ಕಡೀರಿ’ ಅನ್ನೋಕಾಗುತ್ತಾ? ವಾಲಗದ ಸದ್ದು, ನೆಂಟರ ನೂಕಾಟದ ಮಧ್ಯೆ ಒಂದೇ ಏಟಿಗೆ ಸಿಗಬೇಕು. ಡಾಕ್ಯುಮೆಂಟರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಮೇಲಿಂದ ದುಡ್ಡೂ ಬರುತ್ತೆ.

ಕ್ಯಾಮೆರಾ ಈಗಲೇ ಕೊಡಿಸಬೇಡಿ, ಬಾಡಿಗೆಗೆ ಸಿಗುತ್ತದೆ. ಕೊಡಿಸಲೇಬೇಕು ಅಂತಿದ್ದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಜೊತೆಗೇ ತನ್ನಿ. ನಮ್ಮ ಜುಲೈ ಮಳೆಗೆ ಸುಮ್ನೆ ಬೀರುವಿನಲ್ಲಿಟ್ಟ ಲೆನ್ಸ್‌ಗೂ ಫಂಗಸ್ ಹಿಡಿಯುತ್ತದೆ.

ಸಂಪಾದಕ